ಲಿಯೊನಾರ್ಡೊ ಅಳಿಸದ ಗೆರೆ, ನಾನು ಅಳಿಸಿದ ಚುಕ್ಕಿ

ಲಂಡನ್ನಿಗೆ ಹೋಗಿ ಬಂದೆ ಎಂದರೆ ನಮ್ಮ ಓಣಿಯವರು ಮೊದಲು ಕೇಳುವುದು ಅಲ್ಲಿಯ ದೊಡ್ಡ ಗಡಿಯಾರ ನೋಡಿದಿರಾ ಎಂದು. ನೋಡಿದೆ, ಬಸ್ಸಿನ ಕಿಟಕಿಯಿಂದ. ಟೈಮು ಸರಿಯಾಗಿ ತೋರಿಸುತ್ತಿತ್ತು. ಅದರ ಬಗ್ಗೆ ನಾನು ಹೇಳುವುದು ಇಷ್ಟೇ.

ನಾನು ಹೋದದ್ದು ಎರಡು ಕೆಲಸಕ್ಕೆ. ಒಂದು, ಲಿಯೊನಾರ್ಡೊ ದ ವಿಂಚಿಯ ಅಕ್ಷರವನ್ನೂ ಗೆರೆಯನ್ನೂ ಕಣ್ಣಾರೆ ನೋಡುವುದು. ಇನ್ನೊಂದು, ಗಿರೀಶನೆಂಬ ಹೃದಯದ ಡಾಕ್ಟರಿಗೆ ಇಪ್ಪತ್ತಾರು ವರ್ಷದಿಂದ ಹೇಳದೆ ಇಟ್ಟುಕೊಂಡಿದ್ದ ಮಾತೊಂದನ್ನು ಹೇಳಿಬಿಡುವುದು. ಮೊದಲನೆಯದಕ್ಕೆ ವೀಸಾ ಸಾಕಾಗಿತ್ತು.

ನನ್ನ ಹೆಸರು ಪದ್ಮಾವತಿ. ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಇಪ್ಪತ್ತೇಳು ವರ್ಷ ಅನಾಟಮಿ ವಿಭಾಗದ ಆರ್ಟಿಸ್ಟ್ ಆಗಿದ್ದೆ. ಕಾಲೇಜಿನ ಹೆಸರು ಬೇಡ, ಯಾಕೆಂದು ಮುಂದೆ ತಿಳಿಯುತ್ತದೆ. ದೇಹ ಕೊಯ್ಯುವವರು ಡಾಕ್ಟರು, ಕೊಯ್ದಾಗ ಕಂಡದ್ದನ್ನು ಆಳೆತ್ತರದ ಚಾರ್ಟುಗಳಲ್ಲಿ ಬರೆದು ಬಣ್ಣ ತುಂಬುವವಳು ನಾನು. ನನ್ನ ಕೆಲಸದ ಬಗ್ಗೆ ನನಗೆ ಸಂಕೋಚವೇನಿಲ್ಲ. ನಾನು ಬರೆದ ಮೂತ್ರಪಿಂಡ ನೋಡಿ ಕಲಿತವರು ಇವತ್ತು ಊರೂರುಗಳಲ್ಲಿ ಮೂತ್ರಪಿಂಡ ಕೊಯ್ಯುತ್ತಿದ್ದಾರೆ, ಯಾರೂ ದೂರು ಕೊಟ್ಟಿಲ್ಲ. ಹಾಗಾಗಿ, ಐನೂರು ವರ್ಷದ ಹಿಂದೆ ಹೆಣ ಕೊಯ್ದು, ಅದನ್ನು ತಾನೇ ನೋಡಿ, ತಾನೇ ಬರೆದ ಇಟಲಿಯ ಆ ಮನುಷ್ಯನನ್ನು ನಾನು ನಮ್ಮ ಇಲಾಖೆಯವನೆಂದೇ ತಿಳಿದಿದ್ದೇನೆ.

ಗ್ರೀನ್‌ಫರ್ಡ್

ವಿಮಾನ ನಿಲ್ದಾಣಕ್ಕೆ ಗಿರೀಶನೇ ಬಂದಿದ್ದ. ನಾನು ಅಭ್ಯಾಸಬಲದಿಂದ "ಆರಾಮದೀರೇನ್ರಿ ಡಾಕ್ಟ್ರ" ಎಂದೆ. ಅವನು ನನ್ನ ಪೆಟ್ಟಿಗೆ ಕಸಿದುಕೊಂಡು, "ಗಿರೀಶ ಅನ್ರಿ ಮೇಡಂ. ನಿಮ್ಮ ಚಾರ್ಟಿನ ಮುಂದ ನಿಂತು ಬೈಸ್ಕೊಂಡ ಹುಡುಗ ನಾನು," ಎಂದು ನಕ್ಕ. ನನಗೆ ನಗು ಬರಲಿಲ್ಲ.

ಅವನ ಮನೆ ಗ್ರೀನ್‌ಫರ್ಡಿನಲ್ಲಿ. ಒಂದು ಕಡೆ ಗೋದಾಮುಗಳು, ಇನ್ನೊಂದು ಕಡೆ ಒಂದೇ ಅಚ್ಚಿನಲ್ಲಿ ಒತ್ತಿದ ಹಾಗೆ ಸಾಲುಮನೆಗಳು. ಹೆಂಡತಿ ವೀಣಾ ಮೈಸೂರಿನವಳು, ಸರಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರು. ಹದಿಮೂರರ ಮಗಳು ಈಶಾಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ನಾನು ಧಾರವಾಡ ಕಡೆಯ ಕನ್ನಡದಲ್ಲಿ ಕೇಳುವುದು, ಅವಳು ಲಂಡನ್ ಇಂಗ್ಲಿಷಿನಲ್ಲಿ ಹೇಳುವುದು, ವೀಣಾ ನಡುವೆ ಮೈಸೂರು ಕನ್ನಡದಲ್ಲಿ "ಅಜ್ಜಿಗೆ ಸರಿಯಾಗಿ ಹೇಳೇ" ಎನ್ನುವುದು. ಎರಡೇ ದಿನದಲ್ಲಿ ಇದು ನಮ್ಮೆಲ್ಲರಿಗೂ ರೂಢಿಯಾಯಿತು.

ಅಲ್ಲಿ ಕಸದ ಡಬ್ಬಿಗೂ ಜಾತಿಯಿದೆ. ಮೊದಲ ದಿನವೇ ನಾನು ಬಾಳೆಹಣ್ಣಿನ ಸಿಪ್ಪೆಯನ್ನು ಕಾಗದದ ಡಬ್ಬಿಗೆ ಹಾಕಿದೆ. "ಅಯ್ಯೋ ಮೇಡಂ, ಕೌನ್ಸಿಲ್‌ನೋರು ಡಬ್ಬಿ ಎತ್ತೋದೇ ಇಲ್ಲ!" ಎಂದು ವೀಣಾ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಅದನ್ನು ಹುಡುಕಿ ತೆಗೆದಳು. ಊರಲ್ಲಿ ಆ ಸಿಪ್ಪೆಗೆ ಅಷ್ಟು ಮರ್ಯಾದೆ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಇನ್ನೊಂದು ವಿಚಿತ್ರ ಗಿರೀಶನದು. ಮನೆಯಿಂದ ಹೊರಟರೆ ಬಾಗಿಲ ಬೀಗ ಎಳೆದು ನೋಡುತ್ತಾನೆ. ಕಾರಿನ ತನಕ ಹೋಗಿ ತಿರುಗಿ ಬಂದು ಮತ್ತೆ ಎಳೆಯುತ್ತಾನೆ. ಒಮ್ಮೊಮ್ಮೆ ಮೂರನೆಯ ಸಲವೂ. "ಬೀಗಕ್ಕ ನೋವಾದೀತೋ, ಬಿಡು," ಎಂದು ನಾನು ಚೇಷ್ಟೆ ಮಾಡಿದೆ. ವೀಣಾ ನಗಲಿಲ್ಲ.

ಅವನು ನನ್ನನ್ನು ಕರೆಸಿಕೊಂಡದ್ದು ಭಾನುವಾರ ಕ್ವೀನ್ಸ್‌ಬರಿಯ ಹಾಲ್‌ನಲ್ಲಿ ಕನ್ನಡಿಗರು ಸೇರುವಾಗ ಲಿಯೊನಾರ್ಡೊನ ಬಗ್ಗೆ ಒಂದು ಗಂಟೆ ಮಾತಾಡಲಿ ಎಂದು. "ಹಾರ್ಟ್ ಅಂದ್ರ ಏನಂತ ನಂಗ ತೋರ್ಸಿದವ್ರು ಇವರ" ಎಂದು ಫೋನಿನಲ್ಲಿ ಎಲ್ಲರಿಗೂ ಹೇಳುತ್ತಿದ್ದ. ಅವನು ಹಾಗೆಂದಾಗಲೆಲ್ಲ ನಾನು ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿಯುತ್ತಿದ್ದೆ. ಯಾಕೆಂದು ಈಗ ಹೇಳಿಬಿಡುತ್ತೇನೆ.

ಚಾರ್ಟು ಮಾಡುವ ನನ್ನ ರೀತಿ ಹೀಗೆ. ಮೊದಲು ಟ್ರೇಸಿಂಗ್ ಕಾಗದದ ಮೇಲೆ ಚಿತ್ರ. ಗೆರೆಯುದ್ದಕ್ಕೂ ಸೂಜಿಯಿಂದ ಒತ್ತೊತ್ತಾಗಿ ತೂತು. ಅದನ್ನು ಚಾರ್ಟಿನ ಮೇಲಿಟ್ಟು ಇದ್ದಿಲ ಪುಡಿಯ ಗಂಟಿನಿಂದ ತಟ್ಟಿದರೆ ಚಿತ್ರ ಚುಕ್ಕಿಚುಕ್ಕಿಯಾಗಿ ಕೆಳಗಿಳಿಯುತ್ತದೆ. ರವಿಕೆಗೆ ಹೂವು ಹೊಲಿಯುವವರೂ ಹೀಗೆಯೇ ಅಚ್ಚು ಇಳಿಸುತ್ತಾರೆ, ಲಿಯೊನಾರ್ಡೊನ ಕಾಲದ ಚಿತ್ರಕಾರರೂ ಗೋಡೆಗೆ ಹೀಗೆಯೇ ಇಳಿಸುತ್ತಿದ್ದರು. ಇದರಲ್ಲಿ ಒಂದೇ ತೊಂದರೆ. ತೂತಿನ ಕಾಗದ ಎರಡೂ ಮಗ್ಗುಲಿಂದ ಒಂದೇ ಥರ ಕಾಣುತ್ತದೆ. ಆ ಸಲ ನಾನು ಅದನ್ನು ಮಗುಚಿ ಇಟ್ಟಿದ್ದೆ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಬುಡದಲ್ಲಿ ಒಂದು ಕವಾಟ, ಅದಕ್ಕೆ ಮೂರು ಪುಟ್ಟ ಜೇಬುಗಳು. ಮುಂದಿನ ಜೇಬಿನಲ್ಲೊಂದು, ಹಿಂದೆ ಎಡಗಡೆಯ ಜೇಬಿನಲ್ಲೊಂದು ಬಾಯಿ. ಹೃದಯ ತನಗೆ ಬೇಕಾದ ರಕ್ತ ತೆಗೆದುಕೊಳ್ಳುವುದು ಈ ಎರಡರಿಂದ. ಹಿಂದೆ ಬಲಗಡೆಯದು ಖಾಲಿ ಜೇಬು. ಈ ಕವಾಟವೊಂದನ್ನೇ ಬರೆದ ನನ್ನ ಚಾರ್ಟಿನಲ್ಲಿ ಬಲಕ್ಕೆ ಬಾಯಿ ಬಂತು, ಎಡ ಖಾಲಿಯಾಯಿತು. ಪರೀಕ್ಷೆಗೆ ವಾರವಿದ್ದಾಗ ಅದು ನಮ್ಮ ವಿಭಾಗದ ಮ್ಯೂಸಿಯಂ ಗೋಡೆಗೇರಿತು.

ಮೊದಲ ವರ್ಷದ ಗಿರೀಶನಿಗೆ ಬೇರೆ ಊರಿನಿಂದ ಬಂದ ಪರೀಕ್ಷಕರು ಕೇಳಿದ್ದೇ ಅದು: ಖಾಲಿ ಜೇಬು ಯಾವ ಕಡೆ? ಎಡಕ್ಕೆ ಎಂದ. ತಪ್ಪು ಎಂದರು. "ಇಲ್ರೀ ಸರ್, ಮ್ಯೂಸಿಯಂ ಚಾರ್ಟಿನ್ಯಾಗ ಹಂಗ ಐತಿ" ಎಂದು ವಾದಕ್ಕಿಳಿದ. ಊಟದ ನಂತರ ಚಾರ್ಟನ್ನೇ ನೋಡೋಣ ಎಂದಾಯಿತು. ನಮ್ಮ ಅಟೆಂಡರು ಮಲ್ಲಪ್ಪ ಬಂದು ನನಗೆ ಇದನ್ನು ಹೇಳಿ ಊಟಕ್ಕೆ ಹೋದ. ನಾನು ಪುಸ್ತಕ ತೆಗೆದು ನೋಡಿದೆ, ಚಾರ್ಟು ನೋಡಿದೆ, ತಪ್ಪು ನನ್ನದೇ. ಆಗ ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಬಲಗಡೆಯ ಬಾಯಿಯ ಮೇಲೆ ಬಣ್ಣ ಹೊಡೆದೆ, ಎಡಗಡೆ ಹೊಸ ಚುಕ್ಕಿ ಇಟ್ಟೆ, ಫ್ಯಾನು ಜೋರು ಮಾಡಿ ಒಣಗಿಸಿದೆ. ಇಪ್ಪತ್ತು ನಿಮಿಷದ ಕೆಲಸ.

ಎಲ್ಲರೂ ಬಂದರು. ಚಾರ್ಟು ಸರಿಯಾಗಿತ್ತು. ಹುಡುಗ ಗೋಡೆಯನ್ನೇ ನೋಡುತ್ತ, "ಮುಂಜಾನೆ ಹಿಂಗ ಇರ್ಲಿಲ್ರೀ," ಎಂದ. ವಿಭಾಗದ ಮುಖ್ಯಸ್ಥರು ನನ್ನ ಕಡೆ ತಿರುಗಿ, ಚಾರ್ಟಿಗೆ ಕೈ ಹಚ್ಚಿದ್ದೀರಾ ಎಂದು ಕೇಳಿದರು. ನಾನು "ಇಲ್ರೀ ಸರ್" ಎಂದೆ.

ಅವನು ಫೇಲಾದ. ಜೊತೆಯವರು ಮುಂದೆ ಹೋದರು, ಇವನು ಆರು ತಿಂಗಳು ಹಿಂದೆ ಉಳಿದ. ಸುಳ್ಳ ಎಂಬ ಹೆಸರು ಕಾಲೇಜು ಮುಗಿಯುವ ತನಕ ಅವನ ಬೆನ್ನಿಗಿತ್ತು.

ಸೇಂಟ್ ಪ್ಯಾಂಕ್ರಾಸಿನ ಪಕ್ಕ

ಮೊದಲ ಸಲ ಟ್ಯೂಬ್ ಎಂಬ ನೆಲದಡಿಯ ರೈಲಿನ ಚಲಿಸುವ ಮೆಟ್ಟಿಲ ಮೇಲೆ ನಾನು ಎಡಕ್ಕೆ ನಿಂತೆ. ಅಲ್ಲಿ ನಿಲ್ಲುವವರು ಬಲಕ್ಕೆ, ನಡೆಯುವವರು ಎಡಕ್ಕೆ. ಹಿಂದೆ ಒಬ್ಬರು "ಸಾರಿ" ಎಂದರು. ನಾನು ಪರವಾಗಿಲ್ಲ ಎಂಬಂತೆ ತಲೆಯಾಡಿಸಿ ಅಲ್ಲೇ ನಿಂತೆ. ಇನ್ನೊಬ್ಬರು "ಸಾರಿ" ಎಂದರು. ಕ್ಷಮೆ ಕೇಳುತ್ತಿರುವವರ ಸಾಲು ಬೆಳೆಯಿತು. ಸಾರಿ ಎಂದರೆ ಅಲ್ಲಿ ದಾರಿ ಬಿಡು ತಾಯಿ ಎಂದರ್ಥವೆಂದು ವೀಣಾ ನನ್ನನ್ನು ಎಳೆದುಕೊಂಡಾಗಲೇ ತಿಳಿದದ್ದು. ನಮ್ಮಲ್ಲಾದರೆ ಬಾಯಿಬಿಟ್ಟು ಬೈದು ಕೆಲಸ ಬೇಗ ಮುಗಿಸುತ್ತಿದ್ದರು.

ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್ನಿನ ಪಕ್ಕದ ದೊಡ್ಡ ಗ್ರಂಥಾಲಯದಲ್ಲಿ ಲಿಯೊನಾರ್ಡೊನ ಟಿಪ್ಪಣಿಯ ಹಾಳೆ ಗಾಜಿನ ಕೆಳಗಿತ್ತು. ಮಂದ ಬೆಳಕು, ಕಂದು ಶಾಯಿ, ಎಳ್ಳುಕಾಳಿನಷ್ಟು ಅಕ್ಷರ. ಅವನು ಎಡಗೈಯವನು, ಬರೆದದ್ದೆಲ್ಲ ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡ ಹಾಗೆ. ನಾನು ಸಿದ್ಧಳಾಗಿಯೇ ಹೋಗಿದ್ದೆ. ಪರ್ಸಿನಿಂದ ಕುಂಕುಮದ ಡಬ್ಬಿಯ ಕನ್ನಡಿ ತೆಗೆದು ಗಾಜಿನ ಮೇಲೆ ಹಿಡಿದೆ. ಅಕ್ಷರಗಳು ನೆಟ್ಟಗಾದವು. ಓದಲು ಬಗ್ಗಿದೆ. ನೆಟ್ಟಗಾದ ಇಟಾಲಿಯನ್ನೂ ನನಗೆ ಬರುವುದಿಲ್ಲ ಎಂಬುದು ಆಗ ಹೊಳೆಯಿತು.

ವೀಣಾ ನಕ್ಕೂ ನಕ್ಕೂ ಅಲ್ಲೇ ಕಂಬಕ್ಕೊರಗಿದಳು. ಆಮೇಲೆ ಕೇಳಿದಳು, "ಇಷ್ಟೆಲ್ಲಾ ಬರ್ದಿಟ್ಟು ಯಾಕೆ ಪ್ರಿಂಟ್ ಮಾಡಿಸ್ಲಿಲ್ಲ ಇವ್ನು?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಅವನಪ್ಪ ದಸ್ತಾವೇಜು ಬರೆಯುವ ದೊಡ್ಡ ಮನುಷ್ಯ, ತಾಯಿ ಬಡವರ ಮನೆಯವಳು, ಅವರಿಬ್ಬರ ಮದುವೆಯಾಗಲಿಲ್ಲ. ಅಂಥ ಮಗನಿಗೆ ಅಪ್ಪನ ವೃತ್ತಿಯಿಲ್ಲ, ಪಂಡಿತರ ಲ್ಯಾಟಿನ್ ಪಾಠವಿಲ್ಲ. ಚಿತ್ರಶಾಲೆಯಲ್ಲಿ ಕುಂಚ ತೊಳೆಯುತ್ತ ಬೆಳೆದ. ಪುಸ್ತಕ ಓದಿ ಬಂದವರ ಮುಂದೆ ಅವನಿಗಿದ್ದದ್ದು ಕಣ್ಣು ಮತ್ತು ಕೈ. ನೀರು ಸುಳಿಯುವುದನ್ನು ನೋಡಿದ, ಹಕ್ಕಿ ರೆಕ್ಕೆ ತಿರುಗಿಸುವುದನ್ನು ನೋಡಿದ, ಆಸ್ಪತ್ರೆಯಲ್ಲಿ ನೆಮ್ಮದಿಯಿಂದ ಸತ್ತ ಮುದುಕನೊಬ್ಬನನ್ನು ಕೊಯ್ದು ಸಾವು ಎಲ್ಲಿಂದ ಬಂತೆಂದು ನೋಡಿದ. ನೋಡುವುದು ಮುಗಿಯಲೇ ಇಲ್ಲ, ಪುಸ್ತಕವೂ ಆಗಲಿಲ್ಲ. ಹೃದಯದ ಹಾಳೆಗಳು ಈಗ ಲಂಡನ್ನಿನಾಚೆಯ ರಾಜಮನೆತನದ ಕೋಟೆಯಲ್ಲಿವೆ, ಎಲ್ಲ ದಿನ ಎಲ್ಲರಿಗೂ ತೋರಿಸುವುದಿಲ್ಲ. ನಾನು ಅಚ್ಚಿನ ಪ್ರತಿಯಲ್ಲಷ್ಟೇ ಅವನ್ನು ನೋಡಿದವಳು.

ಟ್ರಾಫಲ್ಗರ್ ಚೌಕ

ಶನಿವಾರ ಗಿರೀಶನಿಗೆ ರಜೆ. ಚೌಕದ ಅಂಚಿನ ಚಿತ್ರಸಂಗ್ರಹಾಲಯಕ್ಕೆ ಇಬ್ಬರೇ ಹೋದೆವು. ಇವತ್ತು ಹೇಳಿಯೇ ತೀರಬೇಕೆಂದು ಬೆಳಗ್ಗೆ ಹಲ್ಲುಜ್ಜುವಾಗಲೇ ನಿರ್ಧರಿಸಿದ್ದೆ.

ಅಲ್ಲಿ ಲಿಯೊನಾರ್ಡೊ ಇದ್ದಿಲಿನಲ್ಲಿ ಬರೆದ ದೊಡ್ಡ ಕಾಗದವೊಂದಿದೆ. ಇಬ್ಬರು ಹೆಂಗಸರು, ಎರಡು ಮಕ್ಕಳು. ಬಣ್ಣದ ಚಿತ್ರಕ್ಕೆ ಇಳಿಸಲೆಂದು ಬರೆದ ಅಚ್ಚು ಅದು, ಅಂದರೆ ನನ್ನ ಟ್ರೇಸಿಂಗ್ ಕಾಗದದ ಮುತ್ತಜ್ಜಿ. ಬೇರೆಯವರು ಆ ತಾಯಿಯ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದರು. ನಾನು ಕನ್ನಡಕ ಏರಿಸಿ ಸೂಜಿಯ ತೂತು ಹುಡುಕುತ್ತ ಹತ್ತಿರ ಹತ್ತಿರ ಹೋದೆ. ಹಣೆ ಗಾಜಿಗೆ ತಾಗುವಷ್ಟರಲ್ಲಿ ಕಾವಲಿನವನು ಓಡಿ ಬಂದು, ದಯವಿಟ್ಟು ಒಂದು ಹೆಜ್ಜೆ ಹಿಂದೆ ಎಂದ.

ನಾನೇನು ಹುಡುಕುತ್ತಿದ್ದೇನೆಂದು ಗಿರೀಶ ಅವನಿಗೆ ವಿವರಿಸಿದ. ಆ ನರೆಗೂದಲಿನ ಮನುಷ್ಯನ ಮುಖ ಅರಳಿತು. ತೂತಿಲ್ಲ, ನಾನೂ ವರ್ಷಗಟ್ಟಲೆ ನೋಡಿದ್ದೇನೆ, ಇದನ್ನು ಯಾವುದಕ್ಕೂ ಇಳಿಸಲಿಲ್ಲ ಎಂದ. ಆಮೇಲೆ ತಾನೇ ಪಕ್ಕಕ್ಕೆ ಕರೆದು, ಇಲ್ಲಿಂದ ನೋಡಿ ಎಂದು ಒಳ್ಳೆಯ ಜಾಗ ತೋರಿಸಿದ. ನಮ್ಮ ವಸ್ತುಸಂಗ್ರಹಾಲಯಗಳಲ್ಲಿ ಕಾವಲಿನವರು ಕುರ್ಚಿಯಿಂದ ಏಳುವುದು ಮುಚ್ಚುವ ಹೊತ್ತಿಗೆ ಮಾತ್ರ.

ಆ ಜಾಗದಿಂದ ಕಂಡದ್ದು ಗೆರೆಗಳು. ಒಂದು ಕಡೆ ಮೊದಲು ಬರೆದ ಗೆರೆ, ಅದು ಸರಿಯಿಲ್ಲವೆನಿಸಿ ಪಕ್ಕದಲ್ಲಿ ಇನ್ನೊಂದು, ಕಪ್ಪಾಗಿ ಮಸೆದು ಮತ್ತೊಂದು. ಮೇಲಕ್ಕೆ ತೋರುವ ಕೈಯಂತೂ ಬರೀ ಹೊರಗೆರೆ, ಒಳಗೇನೂ ತುಂಬಿಲ್ಲ.

"ತಪ್ಪ ಗೆರಿ ಅಳಸೇ ಇಲ್ಲಲ್ರೀ ಮೇಡಂ," ಎಂದ ಗಿರೀಶ. "ಎಲ್ಲಾ ಹಂಗ ಕಾಣ್ತಾವ."

"ಹೂಂ," ಎಂದೆ.

ಆಗ ಫೋನು ಬಂತು, ಜನ ಬಂದರು ಎಂದು ಬರೆಯಬಹುದು. ಏನೂ ಬರಲಿಲ್ಲ. ನಾವಿಬ್ಬರೇ ಬೆಂಚಿನ ಮೇಲೆ ಕಾಲು ಗಂಟೆ ಕೂತೆವು. ನನಗೆ ಧೈರ್ಯ ಬರಲಿಲ್ಲ, ಅಷ್ಟೆ.

ಟೂಟಿಂಗ್

ಸಂಜೆ ವೀಣಾ, ಈಶಾ ಸೇರಿಕೊಂಡು ಟೂಟಿಂಗಿಗೆ ದೋಸೆ ತಿನ್ನಲು ಹೋದೆವು. ದೋಸೆ ಚೆನ್ನಾಗಿತ್ತು, ಸಾಂಬಾರಿಗೆ ಬೆಲ್ಲ ಬಿದ್ದಿರಲಿಲ್ಲ. ಮಾಣಿ ಪ್ರತಿ ಸಲ ತಟ್ಟೆ ಇಟ್ಟಾಗಲೂ ಈಶಾ ಅವನಿಗೆ ಥ್ಯಾಂಕ್ಯೂ ಹೇಳುವಳು, ಅವನು ತಿರುಗಿ ಇವಳಿಗೆ ಹೇಳುವನು. ಚಟ್ನಿಗೊಂದು, ನೀರಿಗೊಂದು. ನನಗೆ ಎಣಿಕೆ ತಪ್ಪಿತು.

ಊಟದ ನಡುವೆ ಗಿರೀಶ ಫೋನು ಹಿಡಿದು ಎದ್ದು ಹೋದ. ಕಾರಿಗೆ ಬೀಗ ಹಾಕಿದ್ದೆನೋ ಇಲ್ಲವೋ ನೋಡಿ ಬರುತ್ತೇನೆ ಎಂದು ಹಾಗೇ ಹೊರಗೂ ಹೋದ. ನಾನು ಮತ್ತೆ ಚೇಷ್ಟೆಗೆ ಬಾಯಿ ತೆರೆದೆ. ವೀಣಾ ನನ್ನ ಕೈ ಹಿಡಿದಳು.

"ಬೇಡಿ ಮೇಡಂ, ಅದ್ರ ಬಗ್ಗೆ ಅವ್ರಿಗೆ ಹೇಳ್ಬೇಡಿ. ಆಸ್ಪತ್ರೆಲೂ ಹಾಗೇ. ಒಂದೊಂದು ಸ್ಕ್ಯಾನ್ ಫಿಲ್ಮನ್ನೂ ಮೂರು ಸಲ ನೋಡ್ತಾರೆ, ಆಮೇಲೆ ಇನ್ನೊಬ್ರನ್ನ ಕರ್ದು ತೋರಿಸ್ತಾರೆ. ಫಸ್ಟ್ ಇಯರಲ್ಲಿ ಯಾವ್ದೋ ಚಾರ್ಟ್ ತಪ್ಪಾಗಿ ನೋಡ್ಬಿಟ್ರಂತೆ. ಎಡಗಡೆ ಇದ್ದಿದ್ದು ಬಲಗಡೆ ಕಾಣ್ತಂತೆ. ಅವತ್ತಿಂದ ನನ್ ಕಣ್ಣನ್ನ ನಾನೇ ನಂಬಲ್ಲ ಅಂತಾರೆ. ಈಗ ದೊಡ್ಡ ಹುದ್ದೆಗೆ ಕರೀತಿದ್ದಾರೆ, ಬೇಡ ಅಂತಿದ್ದಾರೆ. ಒಬ್ಬನೇ ನಿರ್ಧಾರ ಮಾಡೋದು ನನ್ನಿಂದ ಆಗಲ್ಲ ಅಂತ."

ಇಷ್ಟು ವರ್ಷ ನಾನು ಲೆಕ್ಕ ಹಿಡಿದದ್ದು ಅವನ ಆರು ತಿಂಗಳನ್ನು ಮಾತ್ರ. ಕಣ್ಣನ್ನೇ ಕಿತ್ತುಕೊಂಡಿದ್ದೆ ಎಂದು ನನಗೆ ತಿಳಿದಿರಲಿಲ್ಲ. ಅವನು ಅವತ್ತು ಸರಿಯಾಗಿಯೇ ನೋಡಿದ್ದ. ಇಡೀ ಕಾಲೇಜಿನಲ್ಲಿ ಆ ಚಾರ್ಟನ್ನು ಅಷ್ಟು ಚೆನ್ನಾಗಿ ನೋಡಿದವನು ಅವನೊಬ್ಬನೇ.

ಕ್ವೀನ್ಸ್‌ಬರಿ

ಭಾನುವಾರದ ಹಾಲ್ ತುಂಬಿತ್ತು. ಬೆಂಗಳೂರು, ಮೈಸೂರು, ಧಾರವಾಡದ ಡಾಕ್ಟರ ಸಂಸಾರಗಳು, ಮಂಗಳೂರು ಕಡೆಯ ಕೊಂಕಣಿಯವರು, ಎಲ್ಲರೂ ಬೆಂಗಳೂರಿನ ಕನ್ನಡಕ್ಕೆ ಒಗ್ಗಿಕೊಂಡು ಮಾತಾಡುತ್ತಿದ್ದರು. ಗಿರೀಶ ವೇದಿಕೆಗೆ ಬಂದು ನನ್ನ ಪರಿಚಯ ಮಾಡಿದ. ಮಾಡುತ್ತ ಮಾಡುತ್ತ ಅವನೂ ಅದೇ ಕಥೆಗೆ ಬಂದ.

"ನಾನು ಒಮ್ಮೆ ಮೇಡಂ ಅವರ ಚಾರ್ಟಿನಲ್ಲಿ ಹೀಗೇ ಇದೆ ಅಂತ ಪರೀಕ್ಷೆಯಲ್ಲಿ ಜಗಳ ಮಾಡಿ ಫೇಲ್ ಆದೆ. ಚಾರ್ಟು ಸರಿಯಾಗಿತ್ತು, ತಪ್ಪು ನನ್ನದು. ಅವತ್ತಿನಿಂದ ಎರಡೆರಡು ಸಲ ನೋಡೋದು ಕಲಿತೆ. ಅದಕ್ಕೆ ಅವರಿಗೆ ನಮಸ್ಕಾರ."

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಮೈಕಿನ ಮುಂದೆ ಬಂದೆ. ನಿಜ ಹೇಳಬೇಕೆಂದರೆ ಅಷ್ಟು ಗಟ್ಟಿಯಾಗಿ ನಾನು ಎಂದೂ ನಿಂತಿರಲಿಲ್ಲ.

ಲಿಯೊನಾರ್ಡೊನ ಜೀವನ ಹೇಳಿದೆ. ಎತ್ತಿನ ಹೃದಯ ಕೊಯ್ದು ನನ್ನ ಚಾರ್ಟಿನ ಅದೇ ಕವಾಟವನ್ನು ಅವನು ಮೇಲಿನಿಂದ, ಕೆಳಗಿನಿಂದ, ತೆರೆದಾಗ, ಮುಚ್ಚಿದಾಗ ಬರೆದದ್ದು ಹೇಳಿದೆ. ಮೂರು ಜೇಬುಗಳಲ್ಲಿ ರಕ್ತ ಸುಳಿ ತಿರುಗಿ ಕವಾಟ ಮುಚ್ಚುತ್ತದೆಂದು ನೀರಿನ ಸುಳಿ ನೋಡಿದ್ದ ಆ ಕಣ್ಣಿಗೆ ಹೊಳೆದದ್ದು ಹೇಳಿದೆ. ಆಮೇಲೆ ಅವನ ತಪ್ಪಿಗೆ ಬಂದೆ. ಹೃದಯದ ನಡುಗೋಡೆಯಲ್ಲಿ ಸಣ್ಣ ತೂತುಗಳಿವೆ ಎಂದು ಹಳೆಯ ಪಂಡಿತರು ಬರೆದಿದ್ದರು. ಅಂಥ ತೂತುಗಳಿಲ್ಲ. ಆದರೂ ಲಿಯೊನಾರ್ಡೊ ಅವನ್ನು ಬರೆದ.

"ಅಂಥಾ ಕಣ್ಣಿನವನೂ ತಪ್ಪು ಬರೆದ," ಎಂದೆ. "ಆದ್ರ ಆ ಹಾಳಿ ಹಂಗ ಇಟ್ಟ. ನಾವು ಇವತ್ತೂ ಅದನ್ನ ನೋಡಬಹುದು. ನಾನೂ ಒಂದು ತಪ್ಪು ಬರೆದೆ. ನಾನು ಇಡಲಿಲ್ಲ."

ಅಲ್ಲಿಂದ ಮುಂದೆ ಭಾಷಣದ ಕನ್ನಡ ಬಿಟ್ಟುಹೋಯಿತು. ಮಗುಚಿದ ಕಾಗದ, ಮಲ್ಲಪ್ಪ, ಬಣ್ಣ, ಫ್ಯಾನು, ಇಪ್ಪತ್ತು ನಿಮಿಷ, "ಇಲ್ರೀ ಸರ್". ಒಂದನ್ನೂ ಬಿಡಲಿಲ್ಲ. "ಗಿರೀಶ, ನಿನ್ನ ಕಣ್ಣು ತಪ್ಪಿರ್ಲಿಲ್ಲ. ಚಾರ್ಟು ತಪ್ಪಿತ್ತು. ನಾ ಬದ್ಲಿ ಮಾಡಿ ಸುಳ್ಳು ಹೇಳಿದೆ."

ಮುಂದಿನ ಸಾಲಿನಲ್ಲಿ ಈಶಾ ಅಮ್ಮನ ತೋಳು ಹಿಡಿದು ಕೇಳಿದ್ದು ಎಲ್ಲರಿಗೂ ಕೇಳಿಸಿತು: "ಸೋ ಡ್ಯಾಡ್ ವಾಸ್ ರೈಟ್?"

ಗಿರೀಶ ಎದ್ದು ಹೊರಗೆ ಹೋದ.

ನಾನು ಹಿಂದೆಯೇ ಹೋದೆ. ಕಾರು ನಿಲ್ಲಿಸುವ ಜಾಗದಲ್ಲಿ ಅವನು ಕಾರಿನ ಮೇಲೆ ಎರಡೂ ಕೈ ಊರಿ ನಿಂತಿದ್ದ. ಬೈದರೆ ಬೈಯಲಿ ಎಂದು ನಾನು ಎರಡು ಹೆಜ್ಜೆ ದೂರ ನಿಂತೆ. ಕ್ಷಮಿಸು ಎಂದು ಕೇಳಲು ನಾಚಿಕೆಯಾಯಿತು. ಆದರೂ ಕೇಳಿದೆ.

ಅವನು ನನ್ನ ಕಡೆ ನೋಡದೆಯೇ ಹೇಳಿದ. "ಆರು ತಿಂಗಳು ಹೋಗ್ಲಿ ಬಿಡ್ರಿ. ನಮ್ಮಪ್ಪ ಸಾಲಿ ಮಾಸ್ತರು. ಫೇಲಾದ್ದಕ್ಕ ಅವ್ರು ಏನೂ ಅನ್ಲಿಲ್ಲ. ಮಾಸ್ತರ ಮಗ ಆಗಿ ಸುಳ್ಳು ಹೇಳಿದ್ಯಲ್ಲೋ ಅಂದ್ರು. ನಾನು ಇಲ್ಲಪ್ಪಾ ಇಲ್ಲಪ್ಪಾ ಅಂದೆ. ನಂಬಲಿಲ್ಲ. ನಂಬಲಾರದನ ತೀರ್ಕೊಂಡ್ರು. ಕಡೀಕ ನಾನೂ ನನ್ನ ನಂಬೋದು ಬಿಟ್ಟೆ."

ಅವನು ಕಿಸೆಯಿಂದ ಫೋನು ತೆಗೆದ. "ಅವ್ವ ನಮ್ಮಕ್ಕನ ಮನ್ಯಾಗ ಅದಾಳ, ಧಾರವಾಡದಾಗ. ಈಗ ಚಹಾದ ಹೊತ್ತು. ನಂಗ ಹೇಳಿದ್ರ ಸಾಲೂದಿಲ್ರೀ ಮೇಡಂ. ಆಕಿಗೆ ಹೇಳ್ರಿ." ನಂಬರು ಒತ್ತಿ, ಸ್ಪೀಕರ್ ಹಾಕಿ, ನನ್ನ ಕೈಗೆ ಕೊಟ್ಟ.

ಆ ಕಡೆ ವಯಸ್ಸಾದ ದನಿ "ಗಿರ್ಯಾ?" ಎಂದಿತು. ನಾನು ಯಾರೆಂದು ಹೇಳಿದೆ. ಚಾರ್ಟಿನ ವಿಷಯ ಹೇಳಿದೆ. ಹೇಳಲು ಇಪ್ಪತ್ತಾರು ವರ್ಷ ತೆಗೆದುಕೊಂಡ ಮಾತು ಎರಡು ನಿಮಿಷಕ್ಕೆ ಮುಗಿಯಿತು. ಆ ಕಡೆ ಮಂಚದಿಂದ ಯಾರೋ ಏಳುವ ಸದ್ದು, ನಿಧಾನದ ಹೆಜ್ಜೆ.

"ತಡೀರಿ ಅಕ್ಕಾರ," ಎಂದರು ಅವರು. "ನಮ್ಮ ಮನಿಯವರ ಫೋಟೋದ ಮುಂದ ಫೋನು ಹಿಡೀತೀನಿ. ಇನ್ನೊಮ್ಮೆ ಹೇಳ್ರಿ."

ಗಿರೀಶ ಕಾರಿನ ಮೇಲೆ ತಲೆಯಿಟ್ಟ. ನಾನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ದಾರಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಜೋರಾಗಿ ಹೇಳಿದೆ:

"ಮಾಸ್ತರ, ನಿಮ್ಮ ಮಗ ಖರೇನ ಹೇಳಿದ್ದ. ಸುಳ್ಳು ಹೇಳಿದಾಕಿ ನಾನು."